ಮನೆ ಮಾರಿ ತಂದ ಅಚ್ಚುಯಂತ್ರ: ವಿಜಯಪುರ ಸೀಮೆಯ ಪುಸ್ತಕ ಪ್ರಕಾಶನದ ಹಿನ್ನೆಲೆ

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಲೇಖಕರೊಬ್ಬರು ಹಸ್ತಪ್ರತಿ ಮುಗಿಸಿದ ಕೂಡಲೇ ಎದುರಾಗುವ ಪ್ರಶ್ನೆ, ಇದನ್ನು ಯಾರು ಅಚ್ಚು ಹಾಕುತ್ತಾರೆ ಎಂಬುದು. ಬೆಂಗಳೂರಿನ ದೊಡ್ಡ ಪ್ರಕಾಶಕರಿಗೆ ಕಳಿಸಬೇಕೋ, ಧಾರವಾಡ, ಗದಗಿನ ಕಡೆ ನೋಡಬೇಕೋ, ಇಲ್ಲವೇ ಊರಿನಲ್ಲಿಯೇ ಕೈಯಿಂದ ದುಡ್ಡು ಹಾಕಿ ಮುದ್ರಿಸಬೇಕೋ ಎಂಬ ಈ ತೊಳಲಾಟ ಇಂದಿನದಲ್ಲ. ನೂರು ವರ್ಷಗಳ ಹಿಂದೆ ವಿಜಯಪುರದ ವಕೀಲರೊಬ್ಬರು ಇದಕ್ಕೆ ಉತ್ತರ ಹುಡುಕುವಾಗ ತಮ್ಮ ಮನೆಯನ್ನೇ ಮಾರಬೇಕಾಯಿತು.

ಆಗ ಈ ಸೀಮೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಶಾಲೆ, ಕಚೇರಿ, ಪತ್ರಿಕೆಗಳಲ್ಲಿ ಮರಾಠಿಯ ಪ್ರಭಾವ ದಟ್ಟವಾಗಿದ್ದುದರಿಂದ ಕನ್ನಡದಲ್ಲಿ ಪುಸ್ತಕ ಬರೆಯುವವರೂ, ಬರೆದುದನ್ನು ಕೊಳ್ಳುವವರೂ ವಿರಳವಾಗಿದ್ದರು. ಕನ್ನಡ ಗ್ರಂಥಕರ್ತರಿಗೆ ಪ್ರೋತ್ಸಾಹ ಕೊಡಬೇಕೆಂಬ ಹಂಬಲದಿಂದಲೇ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆದರೆ ಭೀಮೆ, ಡೋಣಿ ನದಿಗಳ ಕಡೆಯ ಬರಹಗಾರನಿಗೆ ಧಾರವಾಡವೂ ದೂರವೇ.

ಧಾರವಾಡದಲ್ಲಿ ಜನಿಸಿ, 1904ರಿಂದ ವಿಜಯಪುರದಲ್ಲಿ ವಕೀಲಿ ನಡೆಸುತ್ತಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು, ಮಠಗಳಲ್ಲಿಯೂ ಮನೆಗಳ ಜಗಲಿಗಳ ಮೇಲೂ ಪೂಜೆಗೆ ಇಟ್ಟಿದ್ದ ತಾಳೆಗರಿಯ ಕಟ್ಟುಗಳನ್ನು ಬೇಡಿ ತಂದು ವಚನಗಳನ್ನು ನಕಲು ಮಾಡಿಕೊಂಡರು. ಹೀಗೆ ಸಿದ್ಧವಾದ 'ವಚನಶಾಸ್ತ್ರ ಸಾರ'ದ ಹಸ್ತಪ್ರತಿಯನ್ನು ಅವರು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದರು. 1841ರಲ್ಲಿ ಆರಂಭವಾದ ಆ ಮುದ್ರಣಾಲಯ ಕನ್ನಡ ಅಚ್ಚಿಗೆ ಹೆಸರಾಗಿತ್ತು. ಅಲ್ಲಿಂದ ಹಸ್ತಪ್ರತಿ ಮುದ್ರಣವಾಗದೆ, ಧಾರ್ಮಿಕ ಕಾರಣಕ್ಕಾಗಿ ಹಿಂದಿರುಗಿತು. ಕೊನೆಗೆ ಬೆಳಗಾವಿಯ ಮಹಾವೀರ ಪ್ರೆಸ್ ಅದನ್ನು ಕೈಗೆತ್ತಿಕೊಂಡು, 1923ರಲ್ಲಿ ಮೊದಲ ಭಾಗ ಹೊರಬಂತು.

ಈ ಒಂದು ಅನುಭವವೇ ಮುಂದಿನದಕ್ಕೆಲ್ಲ ಬುನಾದಿ ಎಂದು ನನಗೆ ಅನಿಸುತ್ತದೆ. ಯಂತ್ರ ಪರರ ಕೈಯಲ್ಲಿರುವವರೆಗೆ ಯಾವುದು ಅಚ್ಚಾಗಬೇಕು ಎಂಬ ತೀರ್ಮಾನವೂ ಪರರದೇ. 1925ರಲ್ಲಿ ಹಳಕಟ್ಟಿಯವರು ತಮ್ಮ ಮನೆ ಮಾರಿದ ಹಣದಿಂದ ವಿಜಯಪುರದಲ್ಲಿ 'ಹಿತಚಿಂತಕ' ಮುದ್ರಣಾಲಯ ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆ, ಅದರ ಮುಂದಿನ ವರ್ಷ 'ನವಕರ್ನಾಟಕ' ವಾರಪತ್ರಿಕೆ ಅಲ್ಲಿಂದಲೇ ಹೊರಟವು. ಅವರು 1910ರ ಹೊತ್ತಿಗೆ ಶಿಕ್ಷಣ ಸಂಸ್ಥೆ ಕಟ್ಟುವುದರಲ್ಲಿಯೂ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಯಲ್ಲಿಯೂ ಮುಂದಾಗಿದ್ದವರು. ಹಣಕಾಸಿನ ಲೆಕ್ಕ ತಿಳಿಯದೆ ಇಂಥ ಕೆಲಸಕ್ಕೆ ಇಳಿದರೆಂದು ಹೇಳುವಂತಿಲ್ಲ. ನಷ್ಟ ತಿಳಿದೇ ಇಳಿದರು.

ಮೊಳೆ, ಅಂದರೆ ಲೋಹದ ಅಚ್ಚಿನ ಅಕ್ಷರ, ಜೋಡಿಸುವ ಕಾಲದ ಅಚ್ಚುಕೂಟದ ಕೆಲಸ ಇಂದಿನವರಿಗೆ ಊಹಿಸಲೂ ಕಷ್ಟ. ಕಂಪಾಸಿಟರನು ಮನೆಮನೆಯಾಗಿ ವಿಂಗಡಿಸಿದ ಮರದ ಕೇಸಿನಿಂದ ಅಕ್ಷರ, ಕಾಗುಣಿತ, ಒತ್ತುಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟಬೇಕು. ಕೆಲವು ಪುಟ ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಮತ್ತೆ ಕೇಸಿಗೆ ತುಂಬದಿದ್ದರೆ ಮುಂದಿನ ಪುಟಕ್ಕೆ ಅಕ್ಷರವೇ ಸಾಲದು. ಸಣ್ಣ ಮುದ್ರಣಾಲಯವೊಂದು ದೊಡ್ಡ ಗ್ರಂಥವನ್ನು ಒಮ್ಮೆಗೇ ಹೊರತರುವುದು ಇದರಿಂದಾಗಿಯೇ ದುಸ್ಸಾಧ್ಯವಾಗಿತ್ತು. ಪತ್ರಿಕೆಯ ಮೂಲಕ ವಚನಗಳನ್ನೂ ಶರಣರ ಚರಿತ್ರೆಗಳನ್ನೂ ಕಂತುಕಂತಾಗಿ ಅಚ್ಚು ಹಾಕುವ ದಾರಿಯಲ್ಲಿ ಮೊಳೆಗೂ ಬಿಡುವು ಸಿಕ್ಕಿತು, ಚಂದಾದಾರರಿಂದ ಒಂದಿಷ್ಟು ಹಣವೂ ಬಂತು, ಓದುಗರ ಬಳಗವೂ ಬೆಳೆಯಿತು. ಹಳಕಟ್ಟಿಯವರ ತ್ಯಾಗವನ್ನು ಎಲ್ಲರೂ ನೆನೆಯುತ್ತಾರೆ. ಅವರ ಈ ಏರ್ಪಾಟಿನ ಜಾಣ್ಮೆಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. 250ಕ್ಕೂ ಹೆಚ್ಚು ವಚನಕಾರರ ಹೆಸರು ಬೆಳಕಿಗೆ ಬಂದದ್ದು ಅವರ ಇಂಥ ನಿರಂತರ ದುಡಿಮೆಯಿಂದ.

ಅದೇ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಪಿ. ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಸೇರಿ ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡುಗಳನ್ನು ಕೂಡಿಸಿದರು. 1931ರ 'ಗರತಿಯ ಹಾಡು' ಅದರ ಮೊದಲ ಫಲ. 'ಜೀವನ ಸಂಗೀತ', 'ಮಲ್ಲಿಗೆ ದಂಡೆ' ಅದರ ಬೆನ್ನಿಗೇ ಬಂದವು. ನಗರದ ಪ್ರಕಾಶಕನೊಬ್ಬ ಇಂಥ ಹಾಡುಗಳನ್ನು ಹುಡುಕಿಕೊಂಡು ಹಲಸಂಗಿಗೆ ಬರುವುದು ಆಗದ ಮಾತು. ಊರಿನವರೇ ಸಂಗ್ರಾಹಕರಾದುದರಿಂದ ಅವು ಉಳಿದವು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು, ಚಂದಾದಾರರನ್ನು ನಂಬಿ ಪುಸ್ತಕ ಪ್ರಕಟಿಸುವ ಕ್ರಮಕ್ಕೆ ಉತ್ತರ ಕರ್ನಾಟಕದಲ್ಲಿ ಗಟ್ಟಿಯಾದ ನೆಲೆ ಒದಗಿಸಿತು.

ಏಕೀಕರಣದ ನಂತರ ಹಣದ ಮೂಲ ಬದಲಾಯಿತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವೂ ವಸೂಲಾಗತೊಡಗಿ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಯೇ ಸಣ್ಣ ಪ್ರಕಾಶಕರ ಮುಖ್ಯ ಆಧಾರವಾಯಿತು. 1993ರಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ಬಂದು, ಯುವ ಬರಹಗಾರರ ಚೊಚ್ಚಲ ಕೃತಿಗಳಿಗೂ ಧನಸಹಾಯ ದೊರೆಯಿತು. ಈ ನೆರವು ಇಲ್ಲದಿದ್ದರೆ ಎಷ್ಟೋ ಕವಿತೆ, ಕಥಾಸಂಕಲನಗಳು ಹಾಳೆಗಳಲ್ಲಿಯೇ ಉಳಿಯುತ್ತಿದ್ದವು. ಆದರೆ ಚಂದಾದಾರನ ಮುಖ ನೋಡಿ ಪುಸ್ತಕ ಮಾಡುತ್ತಿದ್ದ ಪ್ರಕಾಶಕ ಈಗ ಇಲಾಖೆಯ ಆಯ್ಕೆ ಪಟ್ಟಿಯತ್ತ ನೋಡತೊಡಗಿದ. ಖರೀದಿ ತಡವಾದರೆ ಮುಂದಿನ ಪುಸ್ತಕ ನಿಲ್ಲುತ್ತದೆ.

ಮೊಳೆ ಹೋಗಿ, ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಡಿಟಿಪಿ ಬಂದ ಮೇಲೆ ಯಂತ್ರದ ಕೊರತೆ ನೀಗಿತು. ಕೆಲವೇ ಪ್ರತಿಗಳನ್ನು ಮುದ್ರಿಸಿಕೊಳ್ಳುವುದೂ ಸಾಧ್ಯವಾಗಿದೆ. ಇಂದು ಈ ಭಾಗದ ಸಣ್ಣ ಪ್ರಕಾಶನಗಳಲ್ಲಿ ಬಹುತೇಕ ಲೇಖಕನೇ ಖರ್ಚು ಹಾಕುತ್ತಾನೆ, ಬಿಡುಗಡೆಯ ದಿನ ಒಂದಿಷ್ಟು ಪ್ರತಿಗಳು ಖರ್ಚಾಗುತ್ತವೆ, ಉಳಿದವು ಅಟ್ಟ ಸೇರುತ್ತವೆ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ನಷ್ಟ, ಹಸ್ತಪ್ರತಿಯನ್ನು ತಿದ್ದುವ ಸಂಪಾದಕನೂ ಕರಡು ಓದುವವನೂ ಈ ವ್ಯವಸ್ಥೆಯಿಂದ ಕಾಣೆಯಾಗಿರುವುದು. ಜವಾರಿ ಮಾತಿನ ಸೊಗಸನ್ನು ಅರಿತು, ಅದನ್ನು ಬೆಂಗಳೂರಿನ ಕನ್ನಡಕ್ಕೆ ತಿರುಗಿಸದೆ ಕಾಗುಣಿತವನ್ನಷ್ಟೇ ಸರಿಪಡಿಸಬಲ್ಲವನು ಈ ನೆಲದವನೇ ಆಗಿರಬೇಕು. ಅವನಿಗೆ ಸಂಬಳ ಕೊಡುವ ದಾರಿಯನ್ನು ಇಲ್ಲಿನ ಪ್ರಕಾಶನಗಳು ಸಗಟು ಖರೀದಿಯ ಪಟ್ಟಿಯಲ್ಲಿ ಹುಡುಕುವ ಬದಲು, ವರ್ಷಕ್ಕೆ ನಾಲ್ಕು ಪುಸ್ತಕಗಳಿಗೆ ಮುಂಗಡ ಕೊಡಬಲ್ಲ ಕೆಲವು ನೂರು ಶಿಕ್ಷಕರು, ವಕೀಲರು, ರೈತರಲ್ಲಿ ಹುಡುಕಬೇಕಾಗಿದೆ.