ಮೇಘಾ-ಟ್ರಾಪಿಕ್ಸ್: ಮಳೆ ನೋಡೋಕೆ ಹೋದ ಉಪಗ್ರಹನ ಕೆಳಗಿಳಿಸಿದ್ದು ಹೇಗೆ

ಉಪಗ್ರಹದ ಕಕ್ಷೆ ಲೆಕ್ಕ ಹಾಕೋ ಕೆಲಸ ನಂದು. ಆಯಸ್ಸು ಮುಗಿದ ಸ್ಯಾಟಲೈಟ್ ಏನಾಗತ್ತೆ ಅಂತ ಯಾರಾದ್ರೂ ಕೇಳಿದ್ರೆ ನಾನು ಮೇಘಾ-ಟ್ರಾಪಿಕ್ಸ್ ಬಗ್ಗೆನೇ ಹೇಳೋದು. ಇಸ್ರೋ ಮತ್ತೆ ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್ ಸೇರಿ ಮಾಡಿದ್ದು, ಸುಮಾರು 1000 ಕೆಜಿ, 2011ರ ಅಕ್ಟೋಬರ್ 12ಕ್ಕೆ ಪಿಎಸ್‌ಎಲ್‌ವಿ-ಸಿ18 ರಾಕೆಟ್ಟಲ್ಲಿ ಹೋಯ್ತು.

ಇದರ ವಿಶೇಷ ಇರೋದೇ ಕಕ್ಷೆಯಲ್ಲಿ. ಭೂಮಿ ನೋಡೋ ಉಪಗ್ರಹಗಳು ಸಾಮಾನ್ಯವಾಗಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ವೆ, ಆದ್ರೆ ಇದನ್ನ 867 ಕಿಮೀ ಎತ್ತರದಲ್ಲಿ ಸಮಭಾಜಕಕ್ಕೆ ಬರೀ 20 ಡಿಗ್ರಿ ಓರೆಯಾಗಿ ಇಟ್ರು, ಹಂಗಾಗಿ ಉಷ್ಣವಲಯದ ಒಂದೇ ಜಾಗನ ದಿನಕ್ಕೆ ಎಷ್ಟೋ ಸಲ ನೋಡ್ತಿತ್ತು. ಗುಡುಗು ಮೋಡ ಕೆಲವೇ ಗಂಟೇಲಿ ಹುಟ್ಟಿ ಬೆಳೆದು ಕರಗಿಹೋಗತ್ತೆ, ದಿನಕ್ಕೆ ಎರಡು ಸಲ ಮಾತ್ರ ಬರೋ ಉಪಗ್ರಹಕ್ಕೆ ಅದು ಸಿಗೋದು ಕಷ್ಟ.

ಒಳಗಿದ್ದ ಉಪಕರಣಗಳಲ್ಲಿ ನಂಗೆ ತುಂಬಾ ಇಷ್ಟ ಆಗೋದು ಗಾಳಿಯ ತೇವ ಅಳೆಯೋ ಸಫೀರ್. 183 ಗಿಗಾಹರ್ಟ್ಸ್ ಹತ್ರ ನೀರಾವಿ ಮೈಕ್ರೋವೇವ್‌ನ ಜೋರಾಗಿ ಹೀರತ್ತೆ (ಈ ಆವರ್ತನಕ್ಕೆ ಹೀರಿಕೆಯ ಗೆರೆ ಅಂತಾರೆ), ಸಫೀರ್‌ಗೆ ಅದರ ಆಸುಪಾಸಲ್ಲೇ ಆರು ಚಾನೆಲ್ ಇತ್ತು, ಸರಿಯಾಗಿ ಆ ಗೆರೆಗೆ ಅಂಟಿಕೊಂಡಿರೋ ಚಾನೆಲ್ ವಾತಾವರಣದ ಮೇಲಿನ ಪದರ ಮಾತ್ರ ನೋಡತ್ತೆ, ಗೆರೆಯಿಂದ ದೂರ ಹೋದಷ್ಟೂ ಕೆಳಗಿನ ಪದರ ಕಾಣತ್ತೆ, ಹೀಗೆ ಯಾವ ಎತ್ತರದಲ್ಲಿ ಎಷ್ಟು ತೇವ ಇದೆ ಅಂತ ಪದರ ಪದರವಾಗಿ ಗೊತ್ತಾಗತ್ತೆ. ಮಳೆ ಅಳೆಯೋ ಮದ್ರಾಸ್ ಅನ್ನೋ ಉಪಕರಣ 2013ರಲ್ಲೇ ನಿಂತುಹೋಯ್ತು, ದೊಡ್ಡ ನಷ್ಟ ಅದು. ಆದ್ರೂ ಮೂರು ವರ್ಷಕ್ಕೆ ಅಂತ ಮಾಡಿದ್ದು 2021ರವರೆಗೂ ಡೇಟಾ ಕೊಡ್ತು!

ಆಮೇಲೆ ಶುರುವಾಗಿದ್ದು ತಲೆನೋವು. 867 ಕಿಮೀನಲ್ಲಿ ಗಾಳಿಯ ತಡೆ ಇಲ್ಲ ಅನ್ನೋಷ್ಟು ಕಮ್ಮಿ, ಹಂಗೇ ಬಿಟ್ಟಿದ್ರೆ ನೂರು ವರ್ಷಕ್ಕೂ ಹೆಚ್ಚು ಅಲ್ಲೇ ಸುತ್ತುತಾ ಇರ್ತಿತ್ತು, ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳೋದು ಕೆಲಸ ಮುಗಿದ 25 ವರ್ಷದೊಳಗೆ ಕೆಳಗಿಳೀಬೇಕು ಅಂತ. ಜೊತೆಗೆ ತಾನಾಗೇ ಬಿದ್ರೆ ಚೂರುಗಳು ಬೀಳೋದು ಅದು ಸುತ್ತೋ, ಸಮಭಾಜಕದ ಎರಡೂ ಕಡೆ 20 ಡಿಗ್ರಿವರೆಗಿನ ಪಟ್ಟಿಯೊಳಗೇ, ಬೆಂಗಳೂರಿಂದ ಹಿಡಿದು ಇಡೀ ಕರ್ನಾಟಕ ಅದರೊಳಗೆ ಬರತ್ತೆ. ಮಳೆ ಅಧ್ಯಯನಕ್ಕೆ ಬೇಕಾಗಿದ್ದ ಕಕ್ಷೆನೇ ಕೊನೆಗೆ ಅಪಾಯಕ್ಕೂ ಕಾರಣ ಆಯ್ತು.

ಅದೃಷ್ಟಕ್ಕೆ ಟ್ಯಾಂಕಲ್ಲಿ ಸುಮಾರು 120 ಕೆಜಿ ಇಂಧನ ಉಳಿದಿತ್ತು, ಅಷ್ಟು ಸಾಕು ಅಂತ ಲೆಕ್ಕ ಬಂತು. 2022ರ ಆಗಸ್ಟಿಂದ ಕಕ್ಷೆಯ ಕೆಳಗಿನ ತುದಿನ (ಭೂಮಿಗೆ ತೀರಾ ಹತ್ರ ಬರೋ ಜಾಗ) ಹಂತ ಹಂತವಾಗಿ ಇಳಿಸ್ತಾ ಬಂದ್ರು. ಇದನ್ನ ಹೀಗೆ ಬೀಳಿಸಬೇಕು ಅಂತ ಡಿಸೈನ್ ಮಾಡಿರಲೇ ಇಲ್ಲ, ಅಷ್ಟು ಕೆಳಗೆ ಬಂದಾಗ ಗಾಳಿ ತಳ್ಳತ್ತೆ, ಮುಖ ಸರಿಯಾದ ದಿಕ್ಕಿಗೆ ಹಿಡ್ಕೊಂಡಿರೋದೇ ಕಷ್ಟ, ಮುಖ ತಿರುಗಿದ್ರೆ ಥ್ರಸ್ಟರ್ (ಉಪಗ್ರಹನ ತಳ್ಳೋ ಪುಟ್ಟ ಎಂಜಿನ್) ತಪ್ಪು ಕಡೆಗೆ ತಳ್ಳತ್ತೆ. 2023ರ ಮಾರ್ಚ್ 7ಕ್ಕೆ ಉಪಗ್ರಹಗಳನ್ನ ನಿಯಂತ್ರಿಸೋ ಬೆಂಗಳೂರಿನ ಇಸ್ರೋ ಕೇಂದ್ರ ಇಸ್ಟ್ರ್ಯಾಕ್‌ನಿಂದ ಕಮಾಂಡ್ ಹೋಯ್ತು. ನಾಲ್ಕು 11 ನ್ಯೂಟನ್ ಥ್ರಸ್ಟರ್‌ಗಳು ಎರಡು ಸಲ, ಒಂದೊಂದು ಸಲಕ್ಕೂ ಸುಮಾರು 20 ನಿಮಿಷ ಉರಿದ್ವು, ಕೆಳಗಿನ ತುದಿ 80 ಕಿಮೀಗಿಂತ ಕೆಳಗೆ ಬಂತು, ಜನ ಇಲ್ಲದ ಪೆಸಿಫಿಕ್ ಸಾಗರದ ಮೇಲೆ ಅದು ಚೂರಾಯ್ತು.