ಇಂಡೀ ಗೇಮ್ ಕೋಡ್: ಎಲ್ಲಿ ಶಿಸ್ತು ಬೇಕು, ಎಲ್ಲಿ ಬೇಡ

ದೊಡ್ಡ ಕ್ಲಾಸ್ (ಒಂದು ವಿಷಯಕ್ಕೆ ಸಂಬಂಧಿಸಿದ ಕೋಡಿನ ಕಟ್ಟು) ಬರೆಯಬೇಡಿ, ಒಡೆದು ಚಿಕ್ಕದು ಮಾಡಿ ಅಂತ ಸಾಫ್ಟ್‌ವೇರ್ ಎಂಜಿನಿಯರಿಂಗ್ ಓದಿದವರೆಲ್ಲ ಕೇಳಿರುತ್ತೀರಿ. ಆದರೆ 2018ರ ಇಂಡೀ (ಸಣ್ಣ ಸ್ವತಂತ್ರ ತಂಡದ) ಗೇಮ್ ‘ಸೆಲೆಸ್ಟ್’ ಮಾಡಿದವರು ತಮ್ಮ ಪ್ಲೇಯರ್ ಕೋಡನ್ನು, ಅಂದರೆ ಆಟದ ಪಾತ್ರವನ್ನು ನಡೆಸುವ ಕೋಡನ್ನು, ಎಲ್ಲರಿಗೂ ತೆರೆದಿಟ್ಟಾಗ ಕಂಡಿದ್ದೇನು? ಒಂದೇ ಫೈಲು, 5,000ಕ್ಕೂ ಜಾಸ್ತಿ ಸಾಲು!

ಇದು ಸೋಮಾರಿತನ ಅಲ್ಲ. ಓಟ, ಜಂಪ್, ಡ್ಯಾಶ್, ಗೋಡೆ ಹತ್ತುವುದು ಎಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಉದಾಹರಣೆಗೆ, ಅಂಚಿನಿಂದ ಕಾಲು ಜಾರಿದ ಮೇಲೂ 0.1 ಸೆಕೆಂಡ್ ತನಕ ಜಂಪ್ ಒತ್ತಬಹುದು. ಇಂಥ ಸಂಖ್ಯೆಯನ್ನು ತಿದ್ದಿ, ಆಡಿ, ಮತ್ತೆ ತಿದ್ದಬೇಕು. ಹತ್ತು ಫೈಲಿಗೆ ಹಂಚಿದರೆ ಆ ಕೆಲಸ ನಿಧಾನ ಆಗುತ್ತದೆ, ಅಷ್ಟೆ. ಹಾಗಂತ ಅದು ಗೋಜಲು ಕೋಡೂ ಅಲ್ಲ. ಮುಖ್ಯ ಸಂಖ್ಯೆಗಳಿಗೆ ಹೆಸರಿದೆ, ಸ್ಟೇಟ್ ಮಷಿನ್ (ಪಾತ್ರ ಈಗ ಯಾವ ಸ್ಥಿತಿಯಲ್ಲಿದೆ ಅಂತ ನಿಭಾಯಿಸುವ ರಚನೆ) ಇದೆ. ಟೆರ್ರಿ ಕವನಾ ತಮ್ಮ ‘ವಿವಿವಿವಿವಿವಿ’ (ಹೌದು, ಆರು ವಿ!) ಗೇಮಿನ ಸೋರ್ಸ್ ಕೋಡನ್ನು 2020ರಲ್ಲಿ ತೆರೆದಿಟ್ಟರು, ಅದನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಕಥೆಯ ಅನೇಕ ಘಟನೆಗಳು ಒಂದು ಭಾರೀ ಸ್ವಿಚ್‌ನಲ್ಲಿ (ನಂಬರ್ ನೋಡಿ ಯಾವ ಕೋಡ್ ಓಡಿಸಬೇಕು ಅಂತ ಆರಿಸುವ ಪಟ್ಟಿ) ಬರಿಯ ನಂಬರ್‌ಗಳಾಗಿ ಕೂತಿವೆ. ಗೇಮ್ ಚೆನ್ನಾಗಿಯೇ ಓಡಿತು. ಆದರೆ ಯಾವ ನಂಬರ್ ಯಾವ ದೃಶ್ಯ ಅಂತ ಹೊಸಬರು ಹುಡುಕಬೇಕು. ನನ್ನ ಪ್ರಕಾರ ಉದ್ದಕ್ಕಿಂತ ಹೆಸರು ಮುಖ್ಯ.

ಶಿಸ್ತು ಬಿಡಲೇಬಾರದ ಜಾಗ ಅಂದ್ರೆ ಟೈಮ್‌ಸ್ಟೆಪ್, ಅಂದರೆ ಚಲನೆಯ ಲೆಕ್ಕ ಒಂದೊಂದು ಸಲಕ್ಕೆ ಎಷ್ಟು ಸಮಯ ಮುಂದೆ ಹೋಗುತ್ತದೆ ಅನ್ನೋದು. ಲೆಕ್ಕ ಹಾಕಿ ನೋಡೋಣ. ಜಂಪ್ ವೇಗ ಸೆಕೆಂಡಿಗೆ 300 ಪಿಕ್ಸೆಲ್, ಗುರುತ್ವ 900. ಸೂತ್ರದ ಪ್ರಕಾರ ಎತ್ತರ 50 ಪಿಕ್ಸೆಲ್ ಬರಬೇಕು. ಪ್ರತಿ ಫ್ರೇಮಿನಲ್ಲಿ ಮೊದಲು ವೇಗ ಇಳಿಸಿ ಆಮೇಲೆ ಜಾಗ ಬದಲಿಸಿದರೆ, 60 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 60 ಫ್ರೇಮ್) 47.5 ಸಿಗುತ್ತದೆ, 30ರಲ್ಲಿ ಬರೀ 45. ಅಂದರೆ 46 ಪಿಕ್ಸೆಲ್ ಎತ್ತರದ ಕಟ್ಟೆ ನಿಮ್ಮ ಕಂಪ್ಯೂಟರ್‌ನಲ್ಲಿ ಸಲೀಸು, ಗೆಳೆಯನ ಹಳೇ ಲ್ಯಾಪ್‌ಟಾಪ್‌ನಲ್ಲಿ ಅಸಾಧ್ಯ! ಡೆಲ್ಟಾ ಟೈಮ್‌ನಿಂದ (ಹಿಂದಿನ ಫ್ರೇಮಿನಿಂದ ಕಳೆದ ಸಮಯ) ಗುಣಿಸಿದ್ದೀನಲ್ಲ ಅಂತ ಸಮಾಧಾನ ಮಾಡ್ಕೊಂಡ್ರೆ ಸಾಲದು, ಈ ಲೆಕ್ಕದಲ್ಲೂ ಗುಣಿಸಿಯೇ ಇದೆ. ಚಲನೆಯ ಲೆಕ್ಕ ಯಾವಾಗಲೂ 1/60 ಸೆಕೆಂಡಿನ ಹೆಜ್ಜೆಯಲ್ಲೇ ನಡೆಯಲಿ, ಚಿತ್ರ ಬಿಡಿಸುವುದು ಎಷ್ಟು ಸಲವಾದರೂ ಆಗಲಿ.

ಸೇವ್ ಫೈಲಿಗೆ ಮೊದಲ ದಿನದಿಂದಲೇ ವರ್ಷನ್ ನಂಬರ್ ಹಾಕಿ. ಆಟಗಾರರ ಕೈಗೆ ಹೋದ ಮೇಲೆ ನೀವು ಬೇಕಾದ ಹಾಗೆ ಬದಲಿಸಲು ಆಗದ ಭಾಗ ಅದೊಂದೇ. ಗಿಟ್ (ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಸಾಧನ) ಅಂತೂ ಬೇಕೇ ಬೇಕು, ಒಬ್ಬರೇ ಇದ್ದರೂ. ಆದರೆ ಗಿಟ್ ಕೋಡನ್ನು ಆನ್‌ಲೈನ್‌ನಲ್ಲಿ ಇಡುವ ತಾಣ ಗಿಟ್‌ಹಬ್ 100 ಎಂಬಿ ಮೀರಿದ ಫೈಲನ್ನು ತಗೊಳ್ಳಲ್ಲ. ದೊಡ್ಡ ಚಿತ್ರ, ಆಡಿಯೊಗೆ ಗಿಟ್ ಎಲ್‌ಎಫ್‌ಎಸ್ (ದೊಡ್ಡ ಫೈಲುಗಳನ್ನು ಬೇರೆಯಾಗಿ ಇಡುವ ಗಿಟ್‌ನ ವಿಸ್ತರಣೆ) ಬಳಸಿ.

ಟೆಸ್ಟ್ ವಿಷಯ. ‘ಜಂಪ್ ಖುಷಿ ಕೊಡ್ತಾ ಇದೆಯಾ’ ಅನ್ನೋದಕ್ಕೆ ಯೂನಿಟ್ ಟೆಸ್ಟ್ (ಕೋಡಿನ ಚಿಕ್ಕ ಭಾಗವನ್ನು ತಾನಾಗಿ ಪರೀಕ್ಷಿಸುವ ಕೋಡ್) ಬರೆಯೋಕಾಗಲ್ಲ ಅಲ್ವಾ? ಅದನ್ನು ಆಡಿಯೇ ನೋಡಬೇಕು. ಆದರೆ ಒಂದು ಲೆವೆಲ್ ಮುಗಿಸುವಾಗ ಯಾವ ಹೆಜ್ಜೆಯಲ್ಲಿ ಯಾವ ಬಟನ್ ಒತ್ತಿದಿರಿ ಅಂತ ಫೈಲಿಗೆ ಬರೆದಿಟ್ಟು, ಪ್ರತಿ ಬಿಲ್ಡ್ (ಕೋಡಿನಿಂದ ಗೇಮ್ ತಯಾರಿಸುವುದು) ಆದ ಮೇಲೆ ಅದನ್ನೇ ಓಡಿಸಬಹುದು. ಪಾತ್ರ ಬಾಗಿಲು ತಲುಪದಿದ್ದರೆ ಏನೋ ಬದಲಾಗಿದೆ ಅಂತ ಅರ್ಥ. ಟೈಮ್‌ಸ್ಟೆಪ್ ಸ್ಥಿರವಾಗಿದ್ದರೆ ಮಾತ್ರ ಇದು ನಡೆಯುತ್ತದೆ. ಜೊತೆಗೆ ರ‍್ಯಾಂಡಮ್ ಸೀಡನ್ನೂ (ಯಾದೃಚ್ಛಿಕ ಸಂಖ್ಯೆಗಳ ಸರಣಿ ಶುರುವಾಗುವ ನಂಬರ್) ಅದೇ ಫೈಲಿನಲ್ಲಿ ಬರೆದಿಡಿ. ಇಲ್ಲಾಂದ್ರೆ ಶತ್ರು ಒಂದೊಂದು ಸಲ ಒಂದೊಂದು ಕಡೆ ನಿಂತು, ಸುಮ್ನೆ ಟೆಸ್ಟ್ ಫೇಲ್ ಆಗ್ತಾ ಇರುತ್ತದೆ.