ಮೈ ಒಬ್ಬರದು, ಉಸಿರು ಇನ್ನೊಬ್ಬರದು: ಸಿನಿಮಾದ ಸದ್ದು ಕಥೆ ಹೇಳಲು ಕಲಿತ ಬಗೆ

1977ರ ‘ಸ್ಟಾರ್ ವಾರ್ಸ್’ನಲ್ಲಿ ಬರುವ ಡಾರ್ತ್ ವೇಡರ್ ಪಾತ್ರವನ್ನು ಮೂವರು ಸೇರಿ ಕಟ್ಟಿದ್ದಾರೆ. ಕಪ್ಪು ಉಡುಪಿನೊಳಗಿನ ಮೈ ಡೇವಿಡ್ ಪ್ರೌಸ್ ಅವರದು. ದನಿ ಜೇಮ್ಸ್ ಅರ್ಲ್ ಜೋನ್ಸ್ ಅವರದು. ಆ ಉಸಿರು ಮಾತ್ರ ಸೌಂಡ್ ಡಿಸೈನರ್ ಬೆನ್ ಬರ್ಟ್ ಅವರದು. ನೀರಿನಾಳಕ್ಕೆ ಇಳಿಯುವವರು ಬಾಯಲ್ಲಿ ಕಚ್ಚಿಕೊಳ್ಳುತ್ತಾರಲ್ಲ, ಆ ರೆಗ್ಯುಲೇಟರ್ ಒಳಗೆ ಪುಟ್ಟ ಮೈಕ್ ಇಟ್ಟು ಬರ್ಟ್ ಉಸಿರಾಡಿದರು. ವೇಡರ್‌ಗೆ ಮುಖವಾಡ ಇರುವುದರಿಂದ ಮುಖಭಾವ ಕಾಣುವುದಿಲ್ಲ. ಆದರೂ ಈತ ಯಂತ್ರದ ಆಸರೆಯಲ್ಲಿ ಬದುಕಿರುವವನು ಅಂತ ಯಾರೂ ಹೇಳದೆಯೇ ಗೊತ್ತಾಗಿಬಿಡುತ್ತದೆ.

ಕಣ್ಣಿಗೆ ಕಂಡದ್ದೊಂದು, ಕಿವಿಗೆ ಬಿದ್ದದ್ದು ಇನ್ನೊಂದು. ಸಿನಿಮಾದ ಸದ್ದು ಬೆಳೆದದ್ದೇ ಹೀಗೆ, ಚಿತ್ರದ ಹಿಡಿತದಿಂದ ಬಿಡಿಸಿಕೊಳ್ಳುತ್ತಾ. ಶುರುವಾದದ್ದು ಮಾತ್ರ ಇದಕ್ಕೆ ತೀರಾ ವಿರುದ್ಧವಾಗಿ.

1927ರಲ್ಲಿ ‘ದ ಜಾಝ್ ಸಿಂಗರ್’ ಬಂದಾಗ ತುಟಿಗೂ ಮಾತಿಗೂ ತಾಳೆಯಾಗುವುದೇ ದೊಡ್ಡ ಸಂಭ್ರಮ. ಕ್ಯಾಮೆರಾದ ಕರಕರ ಮೈಕಿಗೆ ಬೀಳಬಾರದು ಅಂತ ಅದನ್ನು ಡಬ್ಬಿಯಂಥ ಕೋಣೆಯಲ್ಲಿ ಕೂಡಿಹಾಕಿದರು. ನಟರು ಎಲ್ಲೋ ಬಚ್ಚಿಟ್ಟ ಮೈಕಿನ ಹತ್ತಿರ ಅಲುಗಾಡದೆ ನಿಂತು ಮಾತಾಡಬೇಕು. ಮೂಕಿ ಚಿತ್ರಗಳು ಕಲಿತಿದ್ದ ಓಡಾಟವೆಲ್ಲ ಕೆಲಕಾಲ ಮಾಯವಾಯಿತು. 1928ರಲ್ಲೇ ಸೋವಿಯತ್ ನಿರ್ದೇಶಕರಾದ ಐಸೆನ್‌ಸ್ಟೈನ್, ಪುದೋವ್‌ಕಿನ್, ಅಲೆಕ್ಸಾಂಡ್ರೋವ್ ಒಂದು ಹೇಳಿಕೆ ಹೊರಡಿಸಿದರು. ಸದ್ದು ಚಿತ್ರದ ಬಾಲ ಹಿಡಿದು ಹೋಗಬಾರದು, ಅದಕ್ಕೆ ಎದುರಾಗಿ ನಿಲ್ಲಬೇಕು ಅನ್ನೋದು ಅವರ ವಾದ.

ಮರುವರ್ಷವೇ ನಿರ್ದೇಶಕ ಹಿಚ್‌ಕಾಕ್ ಅದನ್ನು ಮಾಡಿ ತೋರಿಸಿದರು. ‘ಬ್ಲ್ಯಾಕ್‌ಮೇಲ್’ ಚಿತ್ರದ ನಾಯಕಿ ತನ್ನ ಮೇಲೆರಗಿದವನನ್ನು ಚಾಕುವಿನಿಂದ ಕೊಂದಿರುತ್ತಾಳೆ. ಮರುದಿನ ಬೆಳಗ್ಗೆ ಮನೆಯಲ್ಲಿ ತಿಂಡಿಯ ಹೊತ್ತು. ಪಕ್ಕದ ಹೆಂಗಸೊಬ್ಬಳು ಕೊಲೆಯ ಬಗ್ಗೆ ಸುಮ್ನೆ ಹರಟುತ್ತಾ ನಿಂತಿದ್ದಾಳೆ. ಅವಳ ಮಾತು ಬರಬರುತ್ತಾ ಕಲಸಿಹೋಗುತ್ತದೆ. ‘ಚಾಕು’ ಅನ್ನೋದೊಂದು ಮಾತ್ರ ಸ್ಪಷ್ಟ. ಚಾಕು, ಮತ್ತೆ ಚಾಕು. ಅಪ್ಪ ಬ್ರೆಡ್ ಕೊಯ್ಯಲು ಹೇಳುತ್ತಾನೆ, ಅವಳ ಕೈಯಿಂದ ಚಾಕು ಹಾರಿಬೀಳುತ್ತದೆ. ಆ ಮನೆಯಲ್ಲಿದ್ದ ಬೇರೆ ಯಾರಿಗೂ ಕೇಳಿಸದ್ದನ್ನು ನಾವು ಅವಳ ಕಿವಿಯಿಂದ ಕೇಳಿದೆವು. ಇನ್ನೊಂದು ತಮಾಷೆ ನೋಡಿ. ನಟಿ ಆನಿ ಓಂದ್ರಾ ಅವರ ಇಂಗ್ಲಿಷ್‌ಗೆ ಚೆಕ್ ಧಾಟಿ ಇತ್ತು. ಅದಕ್ಕೆ ಕ್ಯಾಮೆರಾದ ಆಚೆ ನಿಂತು ಜೋನ್ ಬ್ಯಾರಿ ಮಾತಾಡುತ್ತಿದ್ದರು, ಓಂದ್ರಾ ತುಟಿ ಆಡಿಸುತ್ತಿದ್ದರು.

ಅದೇ ಸುಮಾರಿಗೆ ಯೂನಿವರ್ಸಲ್ ಸ್ಟುಡಿಯೊದಲ್ಲಿ ಜ್ಯಾಕ್ ಫೋಲಿ ತೆರೆಯ ಮೇಲಿನ ದೃಶ್ಯ ನೋಡುತ್ತಾ ಅದೇ ಲಯಕ್ಕೆ ಹೆಜ್ಜೆ ಹಾಕಿ ರೆಕಾರ್ಡ್ ಮಾಡತೊಡಗಿದರು. ಈ ಕೆಲಸಕ್ಕೆ ಇವತ್ತಿಗೂ ಅವರದೇ ಹೆಸರು. ಫೋಲಿ ಕೋಣೆಯ ನೆಲದಲ್ಲಿ ಜಲ್ಲಿ, ಮರಳು, ಹಲಗೆಯ ಅಂಕಣಗಳಿರುತ್ತವೆ. ಪಕ್ಕದಲ್ಲಿ ರಾಶಿ ಹಳೇ ಶೂ. ಕಾರ್ನ್ ಸ್ಟಾರ್ಚ್ ತುಂಬಿದ ಚೀಲವನ್ನು ಹಿಸುಕಿದರೆ ಹಿಮದ ಮೇಲಿನ ನಡಿಗೆ, ಸೆಲರಿ ದಂಟು ಮುರಿದರೆ ಮೂಳೆ ಮುರಿತ. ಈ ಚಮತ್ಕಾರಗಳ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ಜಾಸ್ತಿ ಮುಖ್ಯ ಅನ್ನಿಸೋದು ನಡಿಗೆಯೇ. ನಟ ಮುಖದಲ್ಲಿ ಧೈರ್ಯ ತೋರಿಸುತ್ತಿರುವಾಗ ಹೆಜ್ಜೆ ಚೂರು ತಡವರಿಸಿದರೆ ಸಾಕು, ನಾವು ನಂಬೋದು ಹೆಜ್ಜೆಯನ್ನೇ.

ಆದರೆ ಸದ್ದಿಗೆ ಇಷ್ಟೆಲ್ಲ ಕೆಲಸ ಕೊಡಲು ದಶಕಗಳ ಕಾಲ ತಾಂತ್ರಿಕ ಅಡ್ಡಿ ಇತ್ತು. ಫಿಲ್ಮ್ ಅಂಚಿನ ಸೌಂಡ್ ಟ್ರ್ಯಾಕ್ ಸದಾ ‘ಸ್ಸ್’ ಅನ್ನುತ್ತಿತ್ತು. ಅದನ್ನು ಮುಚ್ಚಲು ಥಿಯೇಟರ್‌ಗಳಲ್ಲಿ ಏರುಸ್ವರಗಳನ್ನೇ ಕತ್ತರಿಸುತ್ತಿದ್ದರು.

ಆ ಮಿತಿಯೊಳಗೇ ಸದ್ದಿನ ಕೆಲಸಗಾರ ವಾಲ್ಟರ್ ಮರ್ಚ್ 1972ರ ‘ಗಾಡ್‌ಫಾದರ್’ನಲ್ಲಿ ಮಾಡಿದ್ದನ್ನು ಮೀರಿಸುವ ಉದಾಹರಣೆ ನನಗಂತೂ ಸಿಕ್ಕಿಲ್ಲ. ಕಥಾನಾಯಕ ಮೈಕೆಲ್ ಹೋಟೆಲ್‌ನಲ್ಲಿ ಇಬ್ಬರು ಶತ್ರುಗಳ ಎದುರು ಕೂತಿದ್ದಾನೆ. ಶೌಚಾಲಯದಲ್ಲಿ ಬಚ್ಚಿಟ್ಟಿದ್ದ ಪಿಸ್ತೂಲು ಈಗ ಅವನ ಬಳಿ ಇದೆ. ಎದುರಿಗಿರುವವನು ಇಟಾಲಿಯನ್‌ನಲ್ಲಿ ಮಾತಾಡುತ್ತಿದ್ದಾನೆ, ಸಬ್‌ಟೈಟಲ್ ಇಲ್ಲ. ಹಿನ್ನೆಲೆ ಸಂಗೀತವೂ ಇಲ್ಲ. ಕ್ಯಾಮೆರಾ ಮೈಕೆಲ್‌ನ ಮುಖ ಬಿಟ್ಟು ಕದಲುವುದಿಲ್ಲ. ಆಗ ಎಲ್ಲೋ ರೈಲೊಂದು ಕೀರಲು ದನಿಯಲ್ಲಿ ಹತ್ತಿರವಾಗುತ್ತದೆ. ಏರಿ ಏರಿ ಮಾತನ್ನೆಲ್ಲ ನುಂಗುತ್ತದೆ. ಗುಂಡು ಹಾರುತ್ತದೆ. ಚಿತ್ರದಲ್ಲಿ ಆ ರೈಲು ಕಾಣುವುದೇ ಇಲ್ಲ. ಅದು ಹಾದುಹೋಗುತ್ತಿರೋದು ಮೈಕೆಲ್‌ನ ತಲೆಯೊಳಗೆ. ಸಂಗೀತ ಬರೋದು ಅವನು ಪಿಸ್ತೂಲು ಕೈಬಿಟ್ಟ ಮೇಲೆ.

ಎಪ್ಪತ್ತರ ದಶಕದಲ್ಲಿ ಗದ್ದಲ ತಗ್ಗಿಸುವ ಡಾಲ್ಬಿ ತಂತ್ರಜ್ಞಾನ ಬಂದು ‘ಸ್ಸ್’ ತಗ್ಗಿತು. ಲಾಭ ಬರೀ ಅಬ್ಬರಕ್ಕಲ್ಲ, ಥಿಯೇಟರ್‌ನಲ್ಲಿ ನಿಜವಾದ ಮೌನವೂ ಸಾಧ್ಯವಾಯಿತು. 1979ರ ‘ಅಪೊಕ್ಯಾಲಿಪ್ಸ್ ನೌ’ದಲ್ಲಿ ಅದೇ ಮರ್ಚ್, ಹೆಲಿಕಾಪ್ಟರ್ ರೆಕ್ಕೆಯ ಸದ್ದನ್ನು ಹೋಟೆಲ್ ಕೋಣೆಯ ಫ್ಯಾನಿನೊಂದಿಗೆ ಬೆಸೆದರು. ಸೈನಿಕ ಮಲಗಿದ್ದಲ್ಲೇ ಯುದ್ಧ ತಿರುಗುತ್ತಿರುತ್ತದೆ. 2012ರಿಂದ ಡಾಲ್ಬಿ ಅಟ್ಮೋಸ್ ತಲೆಯ ಮೇಲೂ ಸ್ಪೀಕರ್ ತಂದಿತು. ಅದರಿಂದ ಮಳೆ ಚೆನ್ನಾಗಿ ಸುರಿಯಿತು, ನಿಜ. ಪಾತ್ರಗಳ ಒಳಗನ್ನು ತೋರಿಸಲು ಅಷ್ಟೊಂದು ಸ್ಪೀಕರ್ ಬೇಕಿತ್ತಾ ಅನ್ನೋದು ಬೇರೆ ಪ್ರಶ್ನೆ.

ಈಗ ಇದೇ ಚಿತ್ರಗಳನ್ನು ಎಷ್ಟೋ ಜನ ಫೋನ್‌ನಲ್ಲಿ ನೋಡುತ್ತಾರೆ. ಥಿಯೇಟರ್‌ನಲ್ಲಿ ಗುಸುಗುಸುವಿಗೂ ಸ್ಫೋಟಕ್ಕೂ ಅಜಗಜಾಂತರ ಇಡಬಹುದು. ಮನೆಯಲ್ಲಿ ಹಾಗೇ ಬಿಟ್ಟರೆ ಮಾತು ಕೇಳಿಸಲ್ಲ, ಸ್ಫೋಟಕ್ಕೆ ಮಗು ಏಳುತ್ತದೆ, ಅಲ್ವಾ? ಅದಕ್ಕೇ ಮನೆಗೆಂದು ಬೇರೆ ಮಿಕ್ಸ್ ಮಾಡುವ ರೂಢಿ ಬಂದಿದೆ. ಆದರೂ ಫೋನಿನ ಚಿಟಿಕೆಯಷ್ಟು ಸ್ಪೀಕರ್ ತಗ್ಗಿನ ಸ್ವರಗಳನ್ನು ಎಬ್ಬಿಸಲಾರದು. ಹೆಲಿಕಾಪ್ಟರ್‌ನ ಗುಡುಗಿನ ಅರ್ಧ ಅಲ್ಲೇ ಸೋರಿಹೋಗುತ್ತದೆ. ಮೈಕೆಲ್‌ನ ರೈಲಿಗೆ ಆ ಕಷ್ಟ ಇಲ್ಲ. ಒಂದೇ ಚಾನೆಲ್‌ನ ಮೋನೊ ಟ್ರ್ಯಾಕ್‌ಗಾಗಿ ಮಾಡಿದ ಕೀರಲು ಸದ್ದು ಅದು, ಫೋನಿನಲ್ಲೂ ಕಿವಿ ಕೊರೆಯುತ್ತದೆ.